ನಾಯಿಯ ಬಿಸ್ಕತ್ತಿಗೂ ಕೈ ಹಾಕಿದ ಅಣ್ಣ

ಈ ಮನೆಯಲ್ಲಿ ಒಬ್ಬರು ಒಲೆ ಮೇಲಿಟ್ಟ ಪಾತ್ರೆ ಕೊನೆತನಕ ಅವರದ್ದೇ ಆಗಿ ಉಳಿದದ್ದಿಲ್ಲ. ಅಪ್ಪ ಮದುವೆ ಮುಂಜಿಗಳ ದೊಡ್ಡ ದೊಡ್ಡ ಅಡುಗೆ ಮಾಡಿಸಿದವನು, ಅಣ್ಣ ಹೋಟೆಲಿನಲ್ಲಿ ಮುಖ್ಯ ಅಡುಗೆಯವನು. ಅಡುಗೆಮನೆ ದಾಟುವವರು ಯಾರೇ ಆಗಲಿ ಮುಚ್ಚಳ ತೆಗೀಬೇಕು, ನಾಲಿಗೆಗೆ ಹಚ್ಚಬೇಕು, "ಏನೋ ಕಮ್ಮಿಯಾಗಿದೆ" ಅನ್ನಬೇಕು, ಇನ್ನೊಂದಿಷ್ಟು ಏನಾದರೂ ಸುರಿದು ಹೋಗಬೇಕು. ಇಲ್ಲದಿದ್ದರೆ ಅವರಿಗೆ ಉಂಡದ್ದು ಅರಗುವುದಿಲ್ಲ! ಈ ಕಾಟಕ್ಕೆ ರೋಸಿಹೋಗಿಯೇ ತಂಗಿ ಸೌಟು ಬಿಟ್ಟು ಹೊಲಿಗೆ ಯಂತ್ರ ಹಿಡಿದಿದ್ದಳು. ಬಟ್ಟೆಗೆ ಯಾರೂ ಉಪ್ಪು ಹಾಕುವುದಿಲ್ಲವಲ್ಲ.

ಆ ಯಂತ್ರದ ಬುಡದಲ್ಲಿ ಮಲಗುವುದು ಅವಳ ನಾಯಿ ತರಲೆ. ಮೊದಲು ಅದರ ತಾಯಿಯೂ ಅಲ್ಲೇ ಮಲಗುತ್ತಿತ್ತು. ಹೋದ ಸಲ ವರ್ಷದ ಕೊನೆಯ ರಜೆಯಲ್ಲಿ ಮನೆಮಂದಿಯೆಲ್ಲ ಒಣದ್ರಾಕ್ಷಿ ಕೇಕು ತಿನ್ನುತ್ತಾ ಅದಕ್ಕೂ ಒಂದೊಂದು ತುಂಡು ಹಾಕಿದರು. ಕಿಡ್ನಿ ಕೆಟ್ಟು ಸತ್ತೇಹೋಯಿತು. ನಾಯಿಗೆ ದ್ರಾಕ್ಷಿ ವಿಷ ಅಂತ ಪ್ರಾಣಿಗಳ ಆಸ್ಪತ್ರೆಯ ಡಾಕ್ಟರಮ್ಮ ಹೇಳಿದರೆ, "ನಾನು ಕೊಟ್ಟಿದ್ದು ಒಂದೇ ತುಂಡಪ್ಪಾ" ಅಂತ ಒಬ್ಬೊಬ್ಬರೂ ಕೈ ತೊಳೆದುಕೊಂಡರು.

ಅದಕ್ಕೇ ಈ ರಜೆಗೆ ತರಲೆಯ ಪಾಲು ಬೇರೆ ಮಾಡೋಣ ಅಂತ ಅವಳು ಹೊರಟಳು. ಸಿಹಿಗುಂಬಳ ಬೇಯಿಸಿ ಕಿವುಚಿದಳು. ಗೋಧಿ ಹಿಟ್ಟು, ಒಂದು ಮೊಟ್ಟೆ, ಉಪ್ಪು ಸಕ್ಕರೆ ಸೋಕಿಸದೆ ತಾನೇ ಅರೆದ ಕಡಲೆಕಾಯಿ ಸೇರಿಸಿದಳು. ರಜೆಯ ಘಮಕ್ಕೆ ಚೂರೇ ಚೂರು ದಾಲ್ಚಿನ್ನಿ, ಶುಂಠಿ. ಜಾಕಾಯಿ ನಾಯಿಗೆ ಆಗದು ಅಂತ ಅದರ ಡಬ್ಬಿಯನ್ನೇ ಅಟ್ಟಕ್ಕೆ ಎಸೆದಿದ್ದಳು. ಬೆಳಿಗ್ಗೆಯೇ ಎಲ್ಲರಿಗೂ ಸಾರಿಯೂ ಆಗಿತ್ತು: "ಇದು ತರಲೆಗೆ. ಮುಟ್ಟಿದರೆ ಕೈ ಮುರೀತೀನಿ."

ಹಿಟ್ಟು ಕಲಸಿಟ್ಟು, ಕೋಟು ಒಯ್ಯಲು ಬಂದ ಗಿರಾಕಿಗೆ ಗುಂಡಿ ಹಾಕಿಕೊಟ್ಟು ಬಂದಳು. ಲಟ್ಟಿಸಿ, ಮೂಳೆಯ ಆಕಾರಕ್ಕೆ ಕತ್ತರಿಸಿ, ಬೇಯಿಸಿದಳು. ಆರಿದ ಮೇಲೆ ತರಲೆಗೆ ಹಾಕಿದ್ದೇ ತಡ, ಗಬಗಬ ಮುಕ್ಕಿತು. ಇನ್ನೊಂದು, ಮತ್ತೊಂದು. ಅಷ್ಟು ರುಚಿಯೇನೋ ಅಂತ ನಗುತ್ತಾ ತಾನೂ ಒಂದನ್ನು ಕಡಿದಳು.

ಸಿಹಿ!

ಸಕ್ಕರೆಯನ್ನೇ ಹಾಕದ ಬಿಸ್ಕತ್ತು ಸಿಹಿಯಾಗಿತ್ತು. ಒಲೆಕಟ್ಟೆಯ ಮೂಲೆಯಲ್ಲಿ ಅಣ್ಣನ ಹೋಟೆಲಿನ ಜಾಡಿ: ಅರೆದ ಒಣದ್ರಾಕ್ಷಿ. ಮುಚ್ಚಳ ತೆರೆದೇ ಇತ್ತು.

ಕೆಲಸದಿಂದ ಬಂದು ಮಲಗಿದ್ದವನ ಹೊದಿಕೆ ಕಿತ್ತೆಸೆದಳು. "ಹಿಟ್ಟಿಗೆ ಏನೋ ಹಾಕಿದೆ ನೀನು?"

"ಚಪ್ಪೆ ಇತ್ತು..." ಅಂದವನು ಅವಳ ಮುಖ ನೋಡಿ ಎದ್ದು ಕೂತ. "ಅಯ್ಯೋ! ನೀನು ಹೇಳಿದ್ದೆ. ಕೈ ತಾನಾಗೇ ಹೋಯ್ತು ಕಣೇ."

"ನಿನ್ನ ಕೈಗೆ ಬೆಂಕಿ ಬೀಳ! ಅದರ ತಾಯಿಯನ್ನ ತಿಂದಿದ್ದು ಸಾಲದೇನೋ? ನನ್ನ ಕೈಯಲ್ಲೇ ಅದಕ್ಕೆ ವಿಷ ಹಾಕಿಸಿದೆಯಲ್ಲೋ!"

ಬಾಗಿಲಲ್ಲಿ ನಿಂತಿದ್ದ ಅಪ್ಪ "ಒಂಚೂರಿಗೆ ಏನಾಗುತ್ತೆ" ಅಂತ ಬಾಯಿ ತೆಗೆದ. ಅವಳು ತಿರುಗಿ ನೋಡಿದ ನೋಟಕ್ಕೆ ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟ.

ತರಲೆಯನ್ನು ಅವುಚಿಕೊಂಡು ಆಸ್ಪತ್ರೆಗೆ ಓಡಿದಳು. ಜಾಡಿ ಹಿಡಿದು ಅಣ್ಣ ಹಿಂದೆಯೇ ಓಡಿದ. ಡಾಕ್ಟರಮ್ಮ ಕೇಳಿದ್ದು ಒಂದೇ ಪ್ರಶ್ನೆ: "ದ್ರಾಕ್ಷಿ ಎಷ್ಟು ಹಾಕಿದ್ರಿ?"

"ಕೈಯಂದಾಜು" ಅಂದ ಅಣ್ಣ.

"ಅಂದ್ರೆ?"

"ನಾವು ಅಳೆಯಲ್ಲ ಡಾಕ್ಟ್ರೇ. ಕೈಗೆ ಗೊತ್ತಿರುತ್ತೆ."

"ಹಾಗಾದ್ರೆ ಆ ಕೈಯಲ್ಲೇ ತೆಗೆದು ತೋರಿಸಿ." ತಕ್ಕಡಿಯ ಮೇಲೆ ಬಟ್ಟಲಿಟ್ಟರು.

ಸಾವಿರ ಜನಕ್ಕೆ ಕಣ್ಣು ಮುಚ್ಚಿ ಉಪ್ಪು ಹಾಕುವ ಕೈ ಜಾಡಿಯೊಳಗೆ ಹೋಯಿತು. ನಿಂಬೆಹಣ್ಣಿನಷ್ಟು ಬಂತು. "ಅಲ್ಲ, ಇದಕ್ಕಿಂತ ಜಾಸ್ತಿ" ಅಂತ ಮತ್ತೆ ತೆಗೆದ. ಅದರ ಎರಡರಷ್ಟು ಬಂತು. "ಇಷ್ಟಲ್ಲ" ಅಂದ. ಮೂರನೇ ಸಲ ತೆಗೆದ ಮುದ್ದೆ ಬಟ್ಟಲು ತಪ್ಪಿ ನೆಲಕ್ಕೇ ಬಿತ್ತು.

"ಹೇಳೋ!" ಅಂತ ತಂಗಿ ಕಿರುಚಿದಳು. "ಊರಿಗೆಲ್ಲ ಕೈರುಚಿ ಕೊಚ್ಚಿಕೊಳ್ತೀಯಲ್ಲ, ಈಗ ಹೇಳೋ!"

ಜಾಸ್ತಿಯೇ ಹೊಟ್ಟೆಗೆ ಹೋಗಿದೆ ಅಂದುಕೊಂಡು ಡಾಕ್ಟರಮ್ಮ ಸೂಜಿ ಚುಚ್ಚಿ ವಾಂತಿ ಮಾಡಿಸಿದರು, ಡ್ರಿಪ್ ಹಾಕಿ ಅಲ್ಲೇ ಇರಿಸಿಕೊಂಡರು. ರಜೆಯೆಲ್ಲ ತಂಗಿ ಆಸ್ಪತ್ರೆಯ ಬೆಂಚಿನ ಮೇಲೆ ಕಳೆದಳು. ಮನೆಯಿಂದ ಬಂದ ಊಟದ ಡಬ್ಬಿಯನ್ನು ಮುಟ್ಟದೆ ವಾಪಸು ಕಳಿಸಿದಳು.

ತರಲೆ ಬದುಕಿತು. ಅವಳ ಸಿಟ್ಟು ಮಾತ್ರ ಒಂದಿಷ್ಟೂ ಇಳಿಯಲಿಲ್ಲ. ಮನೆಗೆ ಬಂದವಳೇ ಅಡುಗೆಮನೆಯ ಚಿಲಕ ಹಾಕಿಕೊಂಡು ಮತ್ತೆ ಕುಂಬಳ ಬೇಯಿಸಿದಳು. ಬಿಸ್ಕತ್ತು ಆರುವ ಹೊತ್ತಿಗೆ ಬಾಗಿಲು ತೆರೆದರೆ ಹೊರಗೆ ಅಣ್ಣ ನಿಂತಿದ್ದ. ಒಂದನ್ನು ಅವನ ಮುಖಕ್ಕೆ ಹಿಡಿದಳು.

"ತಿನ್ನು."

ಅವನು ಪೂರ್ತಿ ತಿಂದ.

"ಹೇಗಿದೆ?"

"ಚಪ್ಪೆ." ಅವನ ಕಣ್ಣು ಒಲೆಕಟ್ಟೆಯ ಡಬ್ಬಿಗಳತ್ತ ಹೊರಳಿತು.

"ಕಣ್ಣೂ ಆ ಕಡೆ ಹೋಗಕೂಡದು! ಚಪ್ಪೆಯಾಗೇ ಇರುತ್ತೆ. ಇನ್ನು ಮೇಲೆ ಈ ನಾಯಿಗೆ ನಿನ್ನ ಕೈಯಿಂದ ಒಂದು ಅಗುಳೂ ಬೀಳಕೂಡದು, ತಿಳೀತಾ?"

ಅವನು ತಲೆಯಾಡಿಸಿದ. ಮನೆಗೆ ಬಂದವರನ್ನು ತಿನ್ನಿಸದೆ ಕಳಿಸಿ ಗೊತ್ತಿಲ್ಲದವನು.

ತರಲೆಗೆ ಇದೆಲ್ಲ ಏನು ಗೊತ್ತು? ಅದು ನೇರ ಅಣ್ಣನ ಬಳಿಗೇ ಹೋಗಿ, ಬೆರಳಿಗಂಟಿದ ಬಿಸ್ಕತ್ತಿನ ಪುಡಿ ನೆಕ್ಕಲು ಮೂತಿ ಚಾಚಿತು. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.