ಎಡಗೈ ಶ್ಯಾವಿಗೆ

ಶ್ರೀರಾಂಪುರದ ದೇವಿರಮ್ಮನ ಮನೆಯಲ್ಲಿ ಶ್ಯಾವಿಗೆ ಒತ್ತುವ ಒರಳು ಇರಲಿಲ್ಲ. ಕೊಳ್ಳಲು ಗತಿಯಿಲ್ಲದೆ ಅಲ್ಲ, ಬೇಡವೆಂದು. "ಒರಳಲ್ಲಿ ಒತ್ತಿದ್ದು ನೆಂಟರಿಗೆ ಸಾಕು. ಮದುಮಕ್ಕಳ ಎಲೆಗೆ ಕೈಯಲ್ಲಿ ಹೊಸೆದದ್ದೇ ಬೀಳ್ಬೇಕು" ಎನ್ನುವುದು ಆ ಮುದುಕಿಯ ಕಾನೂನು. ಆ ಕಾನೂನಿನ ದೆಸೆಯಿಂದಲೇ ಹಿರಿಸೊಸೆ ಸರೋಜಮ್ಮನಿಗೆ ಹನ್ನೆರಡು ವರ್ಷದಿಂದ ಒಂದು ಹೆಸರಿತ್ತು.

ಸರೋಜಮ್ಮನಿಗೆ ರೂಪವಿರಲಿಲ್ಲ, ಹಾಡು ಬರುತ್ತಿರಲಿಲ್ಲ, ತವರಿನ ಬಲವೂ ಅಷ್ಟಕ್ಕಷ್ಟೆ. ಆದರೆ ಗೋಧಿಹಿಟ್ಟನ್ನು ತೆಳುಬಟ್ಟೆಯಲ್ಲಿ ಸೋಸಿ, ನೀರು ಚಿಮುಕಿಸಿ ನಾದಿ, ಒನಕೆಯಲ್ಲಿ ಕುಟ್ಟಿ, ಒದ್ದೆಬಟ್ಟೆ ಮುಚ್ಚಿಟ್ಟು ನೆನೆಸುವಷ್ಟು ತಾಳ್ಮೆ ಅವಳಿಗಿತ್ತು. ಆಮೇಲೆ ಎಡಗೈಯಲ್ಲಿ ಹಿಟ್ಟಿನ ಮುದ್ದೆ ಹಿಡಿದು, ಬಲಗೈಯ ಎರಡು ಬೆರಳಲ್ಲಿ ಹೊಸೆಯುತ್ತ ಕೂತಳೆಂದರೆ ಎಳೆ ಸರಸರ ಇಳಿದು, ಬೋರಲು ಹಾಕಿದ ಮೊರದ ಮೇಲೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ನೆಂಟರಲ್ಲಿ ಯಾರ ಮನೆಯ ಮದುವೆಯಾದರೂ ವಾರ ಮುಂಚೆಯೇ ಗಾಡಿ ಬರುತ್ತಿತ್ತು, ಸರೋಜಮ್ಮನನ್ನು ಕಳಿಸಿಕೊಡಿ ಅಂತ. ಅವಳ ಗಂಡನಿಗೆ ಜನ್ಮದಲ್ಲಿ ಸಿಗದ ಮರ್ಯಾದೆ ಆ ಎರಡು ಬೆರಳಿಗೆ ಸಿಗುತ್ತಿತ್ತು.

ಈಗ ಮನೆಯಲ್ಲೇ ಮದುವೆ. ದೇವಿರಮ್ಮನ ಕೊನೆಯ ಮಗಳು ಮಂಗಳಳದು. ರೇಷನ್ನಿನ ಕಾಟ ಕಳೆದು ಎರಡು ವರ್ಷವಾಗಿತ್ತು. ಈ ಸಲ ಕೈ ಬಿಗಿಹಿಡಿಯುವುದು ಬೇಡವೆಂದು ದೇವಿರಮ್ಮ ಗೋಧಿಯನ್ನು ಧಾರಾಳವಾಗಿಯೇ ತೆಗೆದಿಟ್ಟಿದ್ದಳು. ಜೊತೆಗೆ ಹೊಸೆಯಲು ಕಿರಿಸೊಸೆ ಪ್ರೇಮಲೀಲಾಳನ್ನೂ ಕೂರಿಸಿದಳು. ಮಂಡಿ ಮೊಹಲ್ಲಾದ ಹುಡುಗಿ, ಊದುಬತ್ತಿ ಹೊಸೆದು ಬದುಕುವ ಮನೆಯವಳು, ಬಂದು ಇನ್ನೂ ನಾಲ್ಕು ತಿಂಗಳು. ಊದುಬತ್ತಿ ಹೊಸೆದ ಕೈ ಶ್ಯಾವಿಗೆ ಹೊಸೆಯದೇನು ಎಂದು ಮುದುಕಿಯ ಲೆಕ್ಕ.

ಮೊದಲ ದಿನ ಆ ಲೆಕ್ಕ ತಪ್ಪಿತು. ಅತ್ತೆಯ ಕಣ್ಣೆದುರಿಗೆ ಪ್ರೇಮಲೀಲಾ ತಡವರಿಸಿ ತಡವರಿಸಿ ಇಳಿಸಿದ ಎಳೆ ಒಂದು ಕಡೆ ದಪ್ಪ, ಒಂದು ಕಡೆ ಗಂಟು.

"ಏನಮ್ಮ ಇದು, ಎರೆಹುಳ ಬಿಟ್ಟಂಗದೆ! ಮನೆ ಮಂದಿಗಾಯ್ತದೆ, ಪಕ್ಕಕ್ಕಿಡು. ನಮ್ಮ ಸರೋಜನ್ನ ನೋಡಿ ಕಲ್ತ್ಕೊ" ಎಂದಳು ದೇವಿರಮ್ಮ.

ಸರೋಜಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಓರಗಿತ್ತಿಯ ಬೆನ್ನು ಸವರಿ, "ಬತ್ತದೆ ಬುಡು, ಎಲ್ಲರಿಗೂ ಒಂದೇ ಸಲಕ್ಕೆ ಬತ್ತದಾ" ಎಂದು ದೊಡ್ಡತನವನ್ನೂ ತೋರಿಸಿದಳು.

ಮಾರನೆಯ ದಿನ ದೇವಿರಮ್ಮ ಮಗಳನ್ನೂ ಕರೆದುಕೊಂಡು ಹಳ್ಳಿಗಳ ಕಡೆ ಮದುವೆಗೆ ಕರೆಯಲು ಹೊರಟಳು. ಬರುವುದು ಎರಡು ದಿನವಾಗುತ್ತದೆ. ಸರೋಜಮ್ಮ ನೀರು ಸೇದಿಕೊಂಡು ಹಿತ್ತಿಲ ಬಾಗಿಲಿಗೆ ಬಂದವಳು ಕೊಡ ಇಳಿಸುವುದನ್ನೇ ಮರೆತಳು. ಪಡಸಾಲೆಯಲ್ಲಿ ಪ್ರೇಮಲೀಲಾ ಒಬ್ಬಳೇ ಕೂತಿದ್ದಳು. ಮುದ್ದೆ ಬಲಗೈಯಲ್ಲಿತ್ತು. ಹೊಸೆಯುತ್ತಿದ್ದದ್ದು ಎಡಗೈ. ಎಳೆ ತಲೆಗೂದಲಿನ ಹಾಗೆ, ಎಲ್ಲೂ ತುಂಡಾಗದೆ, ಬೆರಳಿನಿಂದ ತಾನಾಗಿ ಹರಿದುಬರುತ್ತಿತ್ತು.

ಅಕ್ಕನನ್ನು ಕಂಡದ್ದೇ ಹುಡುಗಿ ಎಡಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಅಕ್ಕ, ಅತ್ತೆಮ್ಮಂಗೆ ಹೇಳ್ಬೇಡಿ ಕಣಕ್ಕ. ಬಡ್ಸೋದು, ಕುಂಕುಮ ಕೊಡೋದು ಎಲ್ಲ ಬಲಗೈಲೇ ರೂಢಿ ಮಾಡ್ಕೊಂಡಿದೀನಿ. ಹೊಸೆಯೋದೊಂದು ಮಾತ್ರ ಬರಲ್ಲ. ನಮ್ಮನೇಲಿ ಊದುಬತ್ತಿಗೆ ಯಾವ ಕೈ ಅಂತ ಯಾರೂ ಕೇಳ್ತಿರ್ಲಿಲ್ಲ."

"ನಾನ್ಯಾಕೆ ಹೇಳ್ಲಿ ಬುಡು" ಎಂದಳು ಸರೋಜಮ್ಮ. ಆಡುವಾಗ ಆ ಮಾತು ನಿಜವೇ ಆಗಿತ್ತು.

ಹುಡುಗಿ ನೀರು ಕುಡಿಯಲು ಎದ್ದು ಹೋದಾಗ ಸರೋಜಮ್ಮ ಅವಳದೊಂದು ಎಳೆ, ತನ್ನದೊಂದು ಎಳೆ ಅಂಗೈ ಮೇಲೆ ಇಟ್ಟುಕೊಂಡು ನೋಡಿದಳು. ನೋಡಬಾರದಿತ್ತು. ಹೊಟ್ಟೆಕಿಚ್ಚು ಎಂದು ಹಿರಿಯರು ಸುಮ್ಮನೆ ಹೆಸರಿಟ್ಟಿಲ್ಲ. ಅದು ಹತ್ತಿಕೊಳ್ಳುವುದು ಹೊಟ್ಟೆಯಲ್ಲೇ, ಮಾಡಿದ ಊಟವೆಲ್ಲ ಅದಕ್ಕೇ ಸೌದೆ. ಹನ್ನೆರಡು ವರ್ಷ ಬೆರಳು ಸವೆಸಿದವಳು ತಾನು, ನಿನ್ನೆ ಮೊನ್ನೆ ಬಂದ ಈ ಎಡಚಿಗೆ ಅದು ಆಟ! ಮದುವೆಯಲ್ಲಿ ನೆಂಟರೆಲ್ಲ ಈ ಶ್ಯಾವಿಗೆ ಕಂಡರೆ, ಮುಂದಿನ ಗಾಡಿ ಯಾರನ್ನು ಕೇಳಿಕೊಂಡು ಬಂದೀತು?

ಅವಳಿಗಿಂತ ಸಣ್ಣಗೆ ಹೊಸೆಯಬೇಕೆಂಬ ಹಟಕ್ಕೆ ಬಿದ್ದಳು. ಸಣ್ಣಗೆ ಎಳೆದರೆ ತುಂಡಾಯಿತು, ತುಂಡನ್ನು ಸೇರಿಸಿದರೆ ಗಂಟಾಯಿತು. ಎರಡು ದಿನ ಕಣ್ಣು ಪಕ್ಕದ ಮೊರದ ಮೇಲೆ, ಕೈ ತನ್ನ ಮೊರದ ಮೇಲೆ. ಅವಳ ಜನ್ಮದಲ್ಲೇ ಅಷ್ಟು ಕೆಟ್ಟ ಶ್ಯಾವಿಗೆ ಆ ಕೈಯಿಂದ ಇಳಿದಿರಲಿಲ್ಲ.

ದೇವಿರಮ್ಮ ಹಿಂದಿರುಗಿ ಇನ್ನೂ ಕಾಲು ತೊಳೆಯುತ್ತಿದ್ದಳು, ಸರೋಜಮ್ಮ ಚೊಂಬು ಹಿಡಿದು ನಿಂತವಳು ತಡೆಯಲಾರದೆ ಹೇಳಿಯೇಬಿಟ್ಟಳು.

"ಅತ್ತೆಮ್ಮ, ಹೇಳ್ದೆ ಇದ್ರೆ ನಾಳೆ ನನ್ನ ಮೇಲೆ ಬತ್ತದೆ. ಪ್ರೇಮ ಎಡಗೈಲಿ ಹೊಸೆದವ್ಳೆ."

"ಎಡಗೈಲಾ? ಮದುಮಕ್ಕಳ ಎಲೆಗಾ?" ಮುದುಕಿ ಒದ್ದೆ ಕಾಲಲ್ಲೇ ಪಡಸಾಲೆಗೆ ನಡೆದಳು. ಕಿರಿಸೊಸೆ ಕಂಬ ಹಿಡಿದು ನಿಂತಿದ್ದಳು. "ಆ ಎಡಗೈದನ್ನೆಲ್ಲ ಈಗಲೇ ಕಲಗಚ್ಚಿಗೆ ಸುರೀರಿ, ಎಮ್ಮೆ ಕುಡ್ಕೊಳ್ಳಲಿ" ಎಂದವಳು, ಒಣಗಲು ಸಾಲಾಗಿ ಇಟ್ಟಿದ್ದ ಆರು ಮೊರಗಳ ಮುಂದೆ ಕೂತಳು. ಯಾರ ಮೊರ ಯಾವುದೆಂದು ಅವಳು ಕೇಳಲಿಲ್ಲ. ಕೇಳುವುದೇನಿದೆ, ಕಣ್ಣಿಲ್ಲವೇ?

ಒಂದು ಎಳೆ ಎತ್ತಿ ಬೆಳಕಿಗೆ ಹಿಡಿದಳು. ಅವಳ ಮುಖ ಅರಳಿತು. "ಇದು ನಮ್ಮ ಸರೋಜನ ಕೈ. ನಾದಿನಿ ಮದ್ವೆ ಅಂತ ಮನಸ್ಸಿಟ್ಟು ಹೊಸೆದ್ಬುಟ್ಟಿದೀಯ ಕಣವ್ವ! ಇಂಥಾದ್ದ ನಮ್ಮತ್ತೆ ಕೈಲೂ ಕಾಣ್ನಿಲ್ಲ." ಆ ಮೂರು ಮೊರಗಳನ್ನು ಒಳಗಿಡಿಸಿದಳು. ಉಳಿದ ಮೂರನ್ನು ಬೆರಳ ತುದಿಯಿಂದ ತಳ್ಳಿದಳು. "ಇವು ಆ ಎಡಚೀದು. ನೋಡಿದ್ರೇ ಗೊತ್ತಾಯ್ತದೆ."

ಸರೋಜಮ್ಮ ಆ ಮೊರಗಳನ್ನು ನೋಡಿದಳು. ಅವು ನನ್ನವು ಅತ್ತೆಮ್ಮ ಎಂದರೆ ಮುಗಿಯುತ್ತಿತ್ತು. ಹಾಗೆನ್ನುವುದಕ್ಕಿಂತ ನಾಲಿಗೆ ಬಿದ್ದುಹೋಗಲಿ ಎನಿಸಿತು. ಪ್ರೇಮಲೀಲಾ ಅವಳನ್ನೇ ನೋಡುತ್ತಿದ್ದಳು.

ಸರೋಜಮ್ಮ ತನ್ನ ಮೂರು ಮೊರಗಳನ್ನು ತಾನೇ ಹೊತ್ತುಕೊಂಡು ಹೋಗಿ ಕಲಗಚ್ಚಿನ ಬಾನಿಗೆ ಸುರಿದಳು. ಎಮ್ಮೆ ಸೊರಸೊರ ಎಳೆದುಕೊಂಡು ತಿಂದು, ಬಾನಿಯ ತಳವನ್ನೂ ನೆಕ್ಕಿತು.

ಹಿಂದಿನಿಂದ ದೇವಿರಮ್ಮ ಕೂಗಿ ಹೇಳಿದಳು: "ಅರ್ಧಕ್ಕರ್ಧ ದಂಡವಾಯ್ತು ನೋಡು. ನಾಳೆ ನಾನು ಸೀರೆ ಅಂಗಡಿಗೆ ಹೋಗಿ ಬರೋದ್ರೊಳಗೆ ಇನ್ನು ಮೂರು ಮೊರ ಹೊಸೆದ್ಬುಡು ಸರೋಜ. ಇದೇ ಸಣ್ಣ ಬರ್ಬೇಕು, ಒಂದೇ ಪಾಯಸಕ್ಕೆ ಎರಡು ಥರ ಬೀಳ್ಬಾರ್ದು. ಅವ್ಳನ್ನ ಹಿಟ್ಟಿನ ಹತ್ರ ಸೇರಿಸ್ಬೇಡ."

ಬೆಳಿಗ್ಗೆ ಅತ್ತೆ ಪೇಟೆಗೆ ಹೋದದ್ದೇ ಸರೋಜಮ್ಮ ಕೂತಳು. ಹಿಟ್ಟು ಹದವಾಗಿತ್ತು, ಬೆರಳು ಅವೇ. ಆದರೂ ಎಳೆ ತನ್ನ ದಪ್ಪಕ್ಕಿಂತ ಒಂದು ಕೂದಲೂ ಕೆಳಗಿಳಿಯಲಿಲ್ಲ. ಒಳಗಿಟ್ಟ ಮೊರದಿಂದ ಒಂದು ಎಳೆ ತಂದು ಪಕ್ಕಕ್ಕಿಟ್ಟು ನೋಡಿದಳು. ಕುರುಡಿಗೂ ಗೊತ್ತಾಗುವಷ್ಟು ವ್ಯತ್ಯಾಸವಿತ್ತು. ಹೊಸೆದದ್ದನ್ನೆಲ್ಲ ಮುದ್ದೆ ಮಾಡಿ ಮತ್ತೆ ನಾದಿದಳು. ಮೂರು ಸಲ ನಾದಿದಳು. ಬಿಸಿಲು ನೆತ್ತಿಗೆ ಬಂತು. ಮೊರ ಮೂರೂ ಬರಿದಾಗಿದ್ದವು.

ಪ್ರೇಮಲೀಲಾ ಅಂಗಳದಲ್ಲಿ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಈ ಕಡೆ ಒಮ್ಮೆಯೂ ತಿರುಗಿರಲಿಲ್ಲ.

ಸರೋಜಮ್ಮ ಎದ್ದು ಬೀದಿಬಾಗಿಲು ಮುಚ್ಚಿ ಅಗುಳಿ ಹಾಕಿದಳು.

"ಪ್ರೇಮ, ಕೈ ತೊಳ್ಕೊಂಡು ಬಾ."

ಹುಡುಗಿ ಬಂದು ಎದುರಿಗೆ ಕೂತಳು. ಒದ್ದೆಬಟ್ಟೆ ಸರಿಸಿ ಹಿಟ್ಟು ಚಿವುಟಿದಳು. ಆದರೆ ಹೊಸೆಯಲಿಲ್ಲ. ಎರಡು ಕೈಯನ್ನೂ ಮುಂದೆ ಚಾಚಿ ಕೇಳಿದಳು:

"ಯಾವ ಕೈಲಿ ಹೊಸೀಲಿ, ಅಕ್ಕ?"

ಸರೋಜಮ್ಮ ತಲೆ ಎತ್ತಲಿಲ್ಲ. ಬರಿದಾಗಿದ್ದ ಮೊರವೊಂದನ್ನು ಹುಡುಗಿಯ ಕಡೆಗೆ ಸರಿಸಿದಳು.

"ಎಡಗೈಲಿ" ಎಂದಳು.

ಎಳೆ ಇಳಿಯತೊಡಗಿತು. ಸರೋಜಮ್ಮ ಮೊರ ಹಿಡಿದುಕೊಂಡು ಕೂತಳು.