ಮಡಕೆ ಹೊತ್ತ ಪಿಳ್ಳಮ್ಮನ ಪಟ

ಆನೇಕಲ್ಲಿನ ಹಳೆಯ ಫೋಟೋ ಸ್ಟುಡಿಯೋದ ಕಪ್ಪು ಪರದೆಯ ಹಿಂದಿನಿಂದ ಒಂದು ಹುಳಿ ವಾಸನೆ ಬರುತ್ತಿತ್ತು. ಪಟ ತೊಳೆಯುವ ಔಷಧದ್ದು. ಚಿಕ್ಕವಳಿದ್ದ ನಾನು ಮೂಗು ಮುಚ್ಚಿಕೊಂಡರೆ, ‘ಈ ವಾಸನೆ ಇದ್ದರೆ ಒಳಗೆ ಯಾರೋ ನಿಜವಾಗಿ ಕೆಲಸ ಮಾಡ್ತಿದ್ದಾರೆ ಅಂತ’ ಎಂದು ಅಪ್ಪ ನಗುತ್ತಿದ್ದರು.

ಮಾರತ್ತಹಳ್ಳಿಯ ಗಾಜಿನ ಬಾಗಿಲಿನ ಅಂಗಡಿಯಲ್ಲಿ ಇದ್ದದ್ದು ಮಲ್ಲಿಗೆ ಸ್ಪ್ರೇಯ ವಾಸನೆ. ಮೊಮ್ಮಗಳು ಯಮುನಾಳ ಮದುವೆಗೆ ಫೋಟೋದವರನ್ನು ಗೊತ್ತು ಮಾಡಲು ಮಗ ಶಶಿಕುಮಾರ ಇಂಟರ್ನೆಟ್ಟಿನಲ್ಲಿ ಹುಡುಕಿದ ಅಂಗಡಿ ಅದು. ಚಂದಾಪುರದ ನಮ್ಮ ಮನೆಯಿಂದ ಅಪ್ಪ ಮಗಳು ಇಬ್ಬರೇ ಹೊರಟಿದ್ದರು. ನಾನು ಹಟ ಹಿಡಿದು ಕಾರು ಹತ್ತಿದ್ದೆ.

ಹಟಕ್ಕೆ ಕಾರಣವಿತ್ತು. ಹಿರಿಯ ಮೊಮ್ಮಗಳು ವೇಣಿಯ ಮದುವೆಯಲ್ಲಿ ಪಟ ತೆಗೆದವನು ಆಲ್ಬಂ ಕೊಡಲಿಲ್ಲ, ಆಮೇಲೆ ಫೋನು ಎತ್ತಲೇ ಇಲ್ಲ. ಅಂಗಡಿ ಹುಡುಕಿಕೊಂಡು ಹೋದರೆ ಅಲ್ಲಿ ಬಿರಿಯಾನಿ ಹೋಟೆಲು. ನಮ್ಮ ಯಜಮಾನರು ಆ ದಿನ ಪೇಟ ಕಟ್ಟಿಕೊಂಡು, ನಗುತ್ತಾ ಅಕ್ಷತೆ ಹಾಕಿದ್ದರು. ಆ ಮಳೆಗಾಲದಲ್ಲೇ ತೀರಿಹೋದರು. ಆ ನಗು ಈಗ ಯಾರ ಹತ್ತಿರವೂ ಇಲ್ಲ. ಇನ್ನೊಂದು ಮದುವೆ ಹಾಗೆ ಕಳೆದುಹೋಗಲು ನಾನು ಬಿಡುವುದಿಲ್ಲ ಎಂದುಕೊಂಡಿದ್ದೆ.

ಅಂಗಡಿಯವನು ತಾನು ಮಾಡಿದ್ದೆಂದು ಒಂದು ಆಲ್ಬಂ ತೋರಿಸಿದ. ನಾಲ್ಕು ಪುಟ ತಿರುವಿದ್ದೆನೋ ಇಲ್ಲವೋ, ಬಣ್ಣದ ಮಡಕೆ ಹೊತ್ತ ಮುದುಕಿಯೊಬ್ಬಳು ಬಾಯ್ತುಂಬ ನಗುತ್ತಿದ್ದಳು. ನಮ್ಮ ಪಕ್ಕದ ಬೀದಿಯ ಸೊಣ್ಣಮ್ಮನ ತಾಯಿ, ಪಿಳ್ಳಮ್ಮ!

“ಇದನ್ನ ನೀವೇ ತೆಗೆದಿದ್ದೇನಪ್ಪಾ?”

“ನಾನೇ ಮೇಡಂ. ದೇವನಹಳ್ಳಿ ಹತ್ರ ಒಂದು ರೆಸಾರ್ಟು. ಮಡಕೆ ನಮ್ಮ ಡೆಕೋರೇಷನ್ನೋರೇ ಕೊಟ್ಟಿದ್ದು. ಆ ಅಜ್ಜಿ ಮಾಡೆಲ್ಲು.”

ನಮ್ಮಲ್ಲಿ ಮದುವೆಗೆ ಮುಂಚೆ ಕುಂಬಾರರ ಮನೆಗೆ ಹೋಗಿ, ಪೂಜೆ ಮಾಡಿ, ಬಣ್ಣ ಬಳಿದ ಮಡಕೆಗಳನ್ನು ವಾದ್ಯದ ಜೊತೆ ಹೊತ್ತು ತರುತ್ತೇವೆ. ಅಲಂಕಾರಕ್ಕೆ ಬಾಡಿಗೆಗೆ ಸಿಗುವ ಮಡಕೆಗಳಲ್ಲ ಅವು. ಸೊಣ್ಣಮ್ಮನ ಮನೆಯ ಮದುವೆಗೆ ಮಡಕೆ ತಂದ ಆ ಬೆಳಿಗ್ಗೆ ಪಿಳ್ಳಮ್ಮನ ಹಿಂದೆ ನಾನೂ ನಡೆದಿದ್ದೆ.

ಶಶಿ ಮುಂಗಡ ಕೊಡಲು ಚೆಕ್ ಪುಸ್ತಕ ತೆಗೆಯುತ್ತಿದ್ದ. ಅವನ ಕೈ ಹಿಡಿದೆ.

“ಏಳು ಶಶಿ, ಹೋಗೋಣ.”

“ಸುಮ್ನಿರಮ್ಮ, ನಿಂಗಿದೆಲ್ಲಾ ಗೊತ್ತಾಗಲ್ಲ.”

“ಗೊತ್ತಾಗಿದ್ದಕ್ಕೇ ಹೇಳ್ತಿರೋದು. ಈ ಮಾಡೆಲ್ಲು ದಿನಾ ನಮ್ಮನೆಗೆ ಕರಿಬೇವು ಕೇಳ್ಕೊಂಡು ಬರುತ್ತೆ.”

ಯಮುನಾ ಬಗ್ಗಿ ನೋಡಿ ಕಿಸಕ್ಕನೆ ನಕ್ಕಳು. ಅಂಗಡಿಯವನು ಆಲ್ಬಂ ಎಳೆದುಕೊಂಡು, ಸ್ಯಾಂಪಲ್ಲು ಎಲ್ಲೆಲ್ಲಿಂದಲೋ ಬರುತ್ತೆ ಮೇಡಂ ಎಂದು ಗೊಣಗಿದ.

ಕಾರಿನಲ್ಲಿ ಶಶಿ ಸಿಡುಕಿದ. “ಈಗ ಯಾರು ಸಿಗ್ತಾರೆ? ನೀನೇ ತೆಗಿ ಪಟ.”

“ಬೇಕಾದ್ರೆ ಕಲೀತೀನಿ.”

ಸಂಜೆಯೇ ಸೊಣ್ಣಮ್ಮನ ಮನೆಗೆ ಹೋದೆ.

“ಅಯ್ಯೋ, ನಮ್ಮವ್ವ ಮಾರತ್ತಳ್ಳಿ ಮುಖ ನೋಡಿಲ್ಲ ಕಣಕ್ಕ, ಪಟ ಎಂಗೋಯ್ತು ಅಲ್ಲಿಗೆ?” ಎಂದು ಬಾಯಿ ಬಿಟ್ಟಳು ಸೊಣ್ಣಮ್ಮ. “ತೆಗ್ದೋನು ನಾಗಸಂದ್ರದ ಮುರಳಿ. ಅವ್ವ ಸುಸ್ತಾಗಿ ನಿಂತ್ಬಿಟ್ಲು ನೋಡು, ಆಗ ಕ್ಯಾಮೆರಾ ಎಗಲಿಗಾಕ್ಕೊಂಡು ಮಡಕೆ ಇಡ್ಕೊಂಡೋನೂ ಅವನೇಯ.”

ಮರುದಿನ ಯಮುನಾಳ ಜೊತೆ ಬಸ್ಸು ಬದಲಾಯಿಸುತ್ತಾ ನಾಗಸಂದ್ರ ಸೇರಿದೆ. ಲೇತ್ ಯಂತ್ರದ ಅಂಗಡಿಯ ಮೇಲೆ ಮುರಳಿಯ ಕೋಣೆ. ಮಾರತ್ತಹಳ್ಳಿಯವನು ತನ್ನ ಪಟ ಕದ್ದಿದ್ದು ತಿಳಿದು ಅವನ ಮುಖ ಕೆಂಪಗಾಯಿತು. ಆದರೂ ನಾನು ಸುಲಭಕ್ಕೆ ಬಿಡಲಿಲ್ಲ. ಒಂದೇ ಮದುವೆಯ ಎಲ್ಲಾ ಪಟ, ಕೆಟ್ಟದ್ದೂ ಸೇರಿ, ನೋಡಬೇಕೆಂದೆ. ತೋರಿಸಿದ. ಆ ಮನೆಯವರಿಗೆ ಅಲ್ಲಿಂದಲೇ ಫೋನು ಮಾಡಿಸಿದೆ. ಮದುವೆಗೆ ನಾನೇ ಬರುತ್ತೇನೆ ಅಂತ ಬರೆದು ಸಹಿ ಹಾಕು ಎಂದೆ. ಕೊನೆಗೆ ಅವನ ಮನೆಯನ್ನೂ ನೋಡಬೇಕೆಂದೆ.

“ಹೆಣ್ಣು ಕೊಡೋರೂ ಇಷ್ಟು ವಿಚಾರಿಸ್ಲಿಲ್ಲ ಅಮ್ಮ ನನ್ನ,” ಎಂದು ನಕ್ಕ. ಹಿಂದಿನ ಬೀದಿಯ ಅವನ ಮನೆಯಲ್ಲಿ ಕಾಫಿ ಕುಡಿದೇ ಹೊರಟೆವು.

ಮದುವೆಯ ದಿನ ಅವನು ಕುಂಬಾರರ ಮನೆಯಿಂದ ಛತ್ರದವರೆಗೆ ನಮ್ಮ ಮುಂದೆ ಹಿಮ್ಮುಖವಾಗಿಯೇ ನಡೆದ. ಕೊನೆಯ ಪಂಕ್ತಿ ಎದ್ದ ಮೇಲೂ ಮೂಲೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದ.

“ಇವತ್ತಿನ ಪಟಗಳು, ಒಂದು ಪ್ರತಿ ನಿಮ್ಮತ್ರಾನೇ ಇರ್ಲಿ ಅಮ್ಮ,” ಎಂದು ಬೆಂಕಿಪೊಟ್ಟಣದಷ್ಟು ಪುಟ್ಟ ಹಾರ್ಡ್ ಡಿಸ್ಕೊಂದನ್ನು ನನ್ನ ಕೈಗಿತ್ತ. ನಾನದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡೆ.

ಶಶಿ ನೋಡುತ್ತಾ ನಿಂತಿದ್ದ. ಅಡುಗೆಮನೆಗೆ ಹೋದ. ಬಾಳೆಲೆ ಹಾಸಿದ ತಟ್ಟೆಯಲ್ಲಿ ಬಿಸಿ ಅನ್ನ, ಸಾರು, ತುಪ್ಪ ಹಾಕಿದ ಹೋಳಿಗೆ ತಂದು, ಮೇಜಿನ ಮೇಲಿನ ವೈರುಗಳನ್ನು ಪಕ್ಕಕ್ಕೆ ಸರಿಸಿ, ಮುರಳಿಯ ಮುಂದಿಟ್ಟ.