ದೂತನ ಹನ್ನೊಂದು ಸೆಕೆಂಡು

ಶಿವಸುಬ್ರಹ್ಮಣ್ಯ ಮಾಷ್ಟ್ರ ಮಟ್ಟಿಗೆ ಲೋಕದ ಯಂತ್ರಗಳೆಲ್ಲ ಎರಡೇ ಜಾತಿ. ಮುಚ್ಚಳ ಬಿಚ್ಚಿದರೆ ಒಳಗೆ ಏನು ನಡೆಯುತ್ತದೆಂದು ಕಾಣುವಂಥವು ಒಂದು, ಬಿಚ್ಚಲಿಕ್ಕೇ ಆಗದಂಥವು ಇನ್ನೊಂದು. ಟೇಪ್‌ರೆಕಾರ್ಡರು ಮೊದಲನೆಯದು. ಮೊಬೈಲು ಎರಡನೆಯದು, ಆದ್ದರಿಂದ ನಂಬತಕ್ಕದ್ದಲ್ಲ. ಕಂಪ್ಯೂಟರಿನ ವಿಷಯದಲ್ಲಿ ಅವರು ಸ್ವಲ್ಪ ಉದಾರಿ: ಇಪ್ಪತ್ತು ವರ್ಷ ಹಳೆಯದಾದರೆ ಆಗಬಹುದು, ಅದಕ್ಕೆ ಸ್ಕ್ರೂ ಉಂಟು.

ಪೆರ್ಲ ಪೇಟೆಯಿಂದ ಒಂದು ಮೈಲು ಒಳಗೆ ಅವರ ಮನೆ. ಶಾಲೆಯಿಂದ ನಿವೃತ್ತರಾದ ಮೇಲೆ ಜಗಲಿಯ ಪಕ್ಕದ ಕೋಣೆ ಪೂರ್ತಿ ಈ ಹುಚ್ಚಿಗೇ ಮೀಸಲು. ಗೋಡೆಯ ಉದ್ದಕ್ಕೂ ಹಲಗೆ, ಹಲಗೆಯ ಮೇಲೆ ಮುನ್ನೂರ ಹನ್ನೆರಡು ಕ್ಯಾಸೆಟು. ಒಂದು ಕಾಲದಲ್ಲಿ ಪೇಟೆಯ ಸಂಘದಲ್ಲಿ ಪ್ರತಿ ಶನಿವಾರ ಸಂಜೆ ತಾಳಮದ್ದಳೆ ನಡೆಯುತ್ತಿತ್ತು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿಗಳು ಕುಳಿತಲ್ಲೇ ರಾಜನಾಗಿ, ಮಂತ್ರಿಯಾಗಿ ಮಾತಾಡುವುದು. ಹದಿನೆಂಟು ವರ್ಷ ಅದನ್ನು ಧ್ವನಿಮುದ್ರಿಸಿದವರು ಮಾಷ್ಟ್ರು. ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿಯದಂತೆ ಹುರಿದ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಸಾಲಿನ ನಡುವೆ ಇಡುತ್ತಿದ್ದರು. ವರ್ಷಕ್ಕೊಮ್ಮೆ ಎಲ್ಲ ಕ್ಯಾಸೆಟನ್ನೂ ಕೊನೆತನಕ ವೇಗವಾಗಿ ಓಡಿಸಿ ಹಿಂದಕ್ಕೆ ಸುತ್ತುತ್ತಿದ್ದರು. ಆ ಹದಿನೈದು ದಿನ ಮನೆಯಲ್ಲಿ ಬೇರೆ ಮಾತಿರುತ್ತಿರಲಿಲ್ಲ.

ಒಂದು ಆದಿತ್ಯವಾರ ಪೂಜಾಶ್ರೀ ಬಂದಳು. ಪೇಟೆಯ ಅಕ್ಷಯ ಕೇಂದ್ರದಲ್ಲಿ ಜನರ ಅರ್ಜಿಗಳನ್ನು ಕಂಪ್ಯೂಟರಿಗೆ ಏರಿಸುವ ಹುಡುಗಿ, ಟೈಲರ್ ಲೋಕನಾಥನ ಮಗಳು. ಲೋಕನಾಥ ತೀರಿಕೊಂಡು ಇಪ್ಪತ್ತೊಂದು ವರ್ಷವಾಗಿತ್ತು.

"ಮಾಷ್ಟ್ರೇ, ಅಪ್ಪ ಸಂಘದಲ್ಲಿ ಅರ್ಥ ಹೇಳ್ತಿದ್ದರಂತೆ. ನಿಮ್ಮ ಹತ್ತಿರ ಇರಬಹುದು ಅಂತ ಅಮ್ಮ ಹೇಳಿದ್ರು."

"ಇರಬಹುದಾ? ಉಂಟು ಅಂತ ಹೇಳು!" ಮಾಷ್ಟ್ರು ಕುರ್ಚಿ ಎಳೆದುಕೊಟ್ಟರು. "ಮೊಬೈಲಲ್ಲಿ ಅವರ ಸ್ವರ ಇಲ್ಲವಾ ನಿಮ್ಮಲ್ಲಿ?"

"ಆಗ ಮೊಬೈಲು ಎಲ್ಲಿತ್ತು? ನನಗೆ ಮೂರು ವರ್ಷ. ಫೋಟೋ ನಾಲ್ಕು ಉಂಟು. ಸ್ವರ ಹೇಗಿತ್ತು ಅಂತ ನನಗೆ ಗೊತ್ತೇ ಇಲ್ಲ."

ಇಂಥ ಮಾತು ಕೇಳಿದವರು ಒಂದು ಗಳಿಗೆ ಸುಮ್ಮನಿರಬೇಕು. ಮಾಷ್ಟ್ರಿಗೆ ಆದದ್ದು ಸಂತೋಷ. ತಾನು ಇಷ್ಟು ವರ್ಷ ಹೇಳಿಕೊಂಡು ಬಂದದ್ದು ಸರಿಯೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಬಂದಿರಲಿಲ್ಲ.

"ನೋಡು, ಈಗಿನವರು ಎಲ್ಲ ಇಂಟರ್ನೆಟ್ಟಿನಲ್ಲಿ ಇಡ್ತಾರೆ. ಅದು ಯಾರದೋ ಮನೆಯ ಜಗಲಿಯಲ್ಲಿ ನಮ್ಮ ಪೆಟ್ಟಿಗೆ ಇಟ್ಟ ಹಾಗೆ. ಸಿ.ಡಿ. ಬಂತು, ಹತ್ತು ವರ್ಷದಲ್ಲಿ ಸಿಪ್ಪೆ ಎದ್ದು ಹೋಯಿತು. ಪೆನ್‌ಡ್ರೈವಿಗೆ ಬಟ್ಟೆಯ ಜೊತೆ ಸ್ನಾನ. ಟೇಪಿಗೆ ಎಂತ ಆಗಿದೆ? ಎಂತದೂ ಇಲ್ಲ. ಇದು ಸುಳ್ಳು ಹೇಳುವುದಿಲ್ಲ ಮಾರಾಯ್ತಿ, ಆಡಿದ್ದನ್ನು ಆಡಿದ ಹಾಗೆ ಕೊಡ್ತದೆ."

ಮುಕ್ಕಾಲು ಗಂಟೆ ಹೀಗೆ ಹೋಯಿತು. ಪೂಜಾಶ್ರೀ ಎಲ್ಲದಕ್ಕೂ "ಹೌದು ಮಾಷ್ಟ್ರೇ" ಅಂದಳು. ಅವಳ ಕಣ್ಣು ಹಲಗೆಯ ಮೇಲಿತ್ತು.

ಕೊನೆಗೆ ಮಾಷ್ಟ್ರು ಕ್ಯಾಸೆಟುಗಳ ಪಟ್ಟಿ ತೆಗೆದರು. ಕಲಾವಿದರ ಸಾಲಿನ ತುದಿಯಲ್ಲಿ ಲೋಕನಾಥನ ಹೆಸರು ಹಲವು ಕಡೆ ಇತ್ತು, ಎಲ್ಲ ಕಡೆಯೂ ಚಾರಕ, ದೂತ, ಸಾರಥಿ. ಒಂದು ಕ್ಯಾಸೆಟನ್ನು ಹಾಕಿದರು. ಚೆಂಡೆ, ಪದ, ಆಮೇಲೆ ರಾಜನ ಗಂಭೀರ ಸ್ವರ: "ಎಲವೋ ದೂತ, ಏನು ವಾರ್ತೆ? ಬೇಗ ಅರುಹು."

ಪೂಜಾಶ್ರೀ ಮುಂದಕ್ಕೆ ಬಾಗಿದಳು.

ಟಕ್ ಎಂದು ಒಂದು ಶಬ್ದ. ರಾಜನೇ ಮತ್ತೆ ಅಬ್ಬರಿಸಿದ: "ಹಾಗೋ! ಅಷ್ಟು ಸೊಕ್ಕೇ ಅವನಿಗೆ?"

ಮಾಷ್ಟ್ರು ಇನ್ನೊಂದು ಹಾಕಿದರು. ರಾಜ ಕೇಳಿದ, ಟಕ್, ರಾಜ ಸಿಟ್ಟಾದ. ಮೂರನೆಯದರಲ್ಲಿಯೂ ಹಾಗೆಯೇ. ಆ ಟಕ್ ಏನೆಂದು ಮಾಷ್ಟ್ರಿಗೆ ಎರಡನೆಯದರಲ್ಲೇ ನೆನಪಾಗಿತ್ತು. ಮೂರನೆಯದನ್ನು ಹಾಕಿದ್ದು ಅದನ್ನು ಹೇಳಲು ಧೈರ್ಯ ಸಾಲದೆ.

"ಟೇಪು ಸ್ವಲ್ಪ ಹಾಳಾಗಿದೆ ಕಾಣ್ತದೆ," ಎಂದರು.

ಚಾ ಹಿಡಿದುಕೊಂಡು ಬಂದ ಹೆಂಡತಿ ಈಶ್ವರಿ ಬಾಗಿಲಲ್ಲೇ ನಿಂತರು. "ಟೇಪು ಹಾಳಾಗುವುದು ಉಂಟಾ? ಹಾಗಾದರೆ ಮೂವತ್ತು ವರ್ಷ ನನ್ನ ಕಿವಿ ತಿಂದದ್ದು ಎಂತಕ್ಕೆ?"

"ಹಾಳಾದದ್ದಾದರೆ ತೊಂದರೆ ಇಲ್ಲ," ಪೂಜಾಶ್ರೀ ಆಸೆಯಿಂದ ಹೇಳಿದಳು. "ಮಂಗಳೂರಿನಲ್ಲಿ ಸರಿ ಮಾಡುವವರು ಇದ್ದಾರಂತೆ. ನಾನು ಜಾಗ್ರತೆಯಿಂದ ಕೊಂಡುಹೋಗ್ತೇನೆ."

ಮಾಷ್ಟ್ರಿಗೆ ಈಗ ದಾರಿ ಎರಡೇ. ಟೇಪಿನ ಮಾನ ಕಳೆಯಬೇಕು, ಇಲ್ಲವೇ ತನ್ನದು. ಟೇಪಿನ ಮೇಲೆ ಹೊರಿಸುವುದೇ ಸುಲಭವಿತ್ತು, ಆದರೆ ಈ ಹುಡುಗಿ ಬಸ್ಸು ಹತ್ತಿ ಮಂಗಳೂರಿಗೆ ಹೋಗುತ್ತಾಳೆ.

"ಟೇಪಿಗೆ ಎಂತದೂ ಆಗಲಿಲ್ಲ," ಎಂದರು. "ನಿಲ್ಲಿಸಿದ್ದು ನಾನು. ಆಗ ಒಳ್ಳೆಯ ಕ್ಯಾಸೆಟು ಸಿಗಲಿಕ್ಕೆ ಕಷ್ಟ ಇತ್ತು. ಒಂದು ಬದಿಗೆ ಹಿಡಿಯುವುದು ಅರ್ಧ ಗಂಟೆ. ದೊಡ್ಡ ಅರ್ಥಧಾರಿಗಳ ಮಾತು ತುಂಡಾಗಬಾರದು ಅಂತ, ಸಣ್ಣ ಪಾತ್ರ ಬಾಯಿ ತೆರೆದ ಕೂಡಲೇ ಗುಂಡಿ ಒತ್ತುತ್ತಿದ್ದೆ."

"ಎಲ್ಲ ಸಲವೂ?"

"ಎಲ್ಲ ಸಲವೂ."

ಪೂಜಾಶ್ರೀ ಅಳಲಿಲ್ಲ. ಚಾ ಕುಡಿದು, ಲೋಟ ಒಳಗೆ ಕೊಟ್ಟು, "ಬರ್ತೇನೆ ಮಾಷ್ಟ್ರೇ" ಅಂದಳು. ಬೈದಿದ್ದರೆ ಒಳ್ಳೆಯದಿತ್ತು ಎಂದು ಮಾಷ್ಟ್ರಿಗೆ ಆ ವಾರವಿಡೀ ಅನಿಸುತ್ತಿತ್ತು.

ಮರುದಿನದಿಂದ ಅವರು ಪಟ್ಟಿಯಲ್ಲಿ ಲೋಕನಾಥನ ಹೆಸರಿದ್ದ ಕ್ಯಾಸೆಟುಗಳನ್ನೆಲ್ಲ ಮೊದಲಿನಿಂದ ಕೇಳತೊಡಗಿದರು. ಯಾವ ಕೌಶಲದ ಬಗ್ಗೆ ಹೆಮ್ಮೆಯಿತ್ತೋ ಅದು ಎಲ್ಲಿಯಾದರೂ ತಪ್ಪಿರಲಿ ಎಂದು ಹುಡುಕುವ ಕೆಲಸ. ತಪ್ಪಿರಲಿಲ್ಲ. ಬೆರಳು ಎಲ್ಲ ಕಡೆಯೂ ಚುರುಕಾಗಿತ್ತು. ಹನ್ನೆರಡನೆಯ ದಿನ ಸಿಕ್ಕಿತು. ರಾಜನ ಪ್ರಶ್ನೆಯ ನಂತರ ಟಕ್ ಬರಲಿಲ್ಲ. ಬಂದದ್ದು ಮಾಷ್ಟ್ರದ್ದೇ ಸ್ವರ, ಯಂತ್ರದ ಹತ್ತಿರ ಕೂತು, ಪಕ್ಕದ ಗೆಳೆಯ ಕಿನ್ನಿಗೆ ಹೇಳುತ್ತಿದ್ದದ್ದು: "ಇದರ ಮೋಟರ್ ಜಪಾನಿನದ್ದು ಕಿನ್ನಿ, ಇನ್ನು ನೂರು ವರ್ಷಕ್ಕೂ ಎಂತ ಆಗ್ಲಿಕ್ಕಿಲ್ಲ. ಟೇಪು ಉಜ್ಜುವ ತಲೆ ಮಾತ್ರ ಹತ್ತಿಯಲ್ಲಿ ಒರಸ್ತಾ ಇರ್ಬೇಕು, ಅದು ಸಹ ಸ್ಪಿರಿಟಿನಲ್ಲೇ..." ಆ ಮಾತಿನ ಹಿಂದೆ, ದೂರದಲ್ಲಿ, ಇನ್ನೊಬ್ಬ ಮಾತಾಡುತ್ತಿದ್ದ. ಹನ್ನೊಂದು ಸೆಕೆಂಡು. ಆಮೇಲೆ ನೆನಪಾಗಿ ಗುಂಡಿ ಒತ್ತಿದ್ದರು.

ಮಾಷ್ಟ್ರು ಟೇಪ್‌ರೆಕಾರ್ಡರನ್ನು ಹೆಗಲ ಬೈರಾಸಿನಲ್ಲಿ ಸುತ್ತಿ, ರಿಕ್ಷಾದಲ್ಲಿ ಮಡಿಲ ಮೇಲಿಟ್ಟುಕೊಂಡು ಅಕ್ಷಯ ಕೇಂದ್ರಕ್ಕೆ ಹೋದರು. ಮಧ್ಯಾಹ್ನ, ಕೇಂದ್ರದಲ್ಲಿ ಬೇರೆ ಯಾರೂ ಇರಲಿಲ್ಲ.

ಪೂಜಾಶ್ರೀ ಎರಡು ಸಲ ಕೇಳಿದಳು. "ನಿಮ್ಮದೇ ಕೇಳ್ತದೆ ಮಾಷ್ಟ್ರೇ."

"ನನ್ನನ್ನು ತೆಗೀಲಿಕ್ಕೆ ಆಗ್ತದಾ? ನಿಮ್ಮ ಆ ಮೊಬೈಲಲ್ಲಿ, ಎಂತದಾದರೂ..."

"ಸ್ವರ ಬೇರೆ ಮಾಡುವ ಆ್ಯಪ್ ಉಂಟು. ಆದರೆ ಅದಕ್ಕೆ ಇಂಟರ್ನೆಟ್ಟಿಗೆ ಹಾಕಬೇಕು. ಅಡ್ಡಿ ಇಲ್ಲವಾ?"

"ಹಾಕು."

ಒಂದು ವೈರು ಸಿಕ್ಕಿಸಿದಳು. ಪರದೆಯ ಮೇಲೆ ಏನೋ ತಿರುಗಿತು. "ಈಗ ಎಲ್ಲಿಗೆ ಹೋಯಿತು ಅದು?" ಮಾಷ್ಟ್ರು ಕೇಳಿದರು. "ಗೊತ್ತಿಲ್ಲ, ಯಾವ ದೇಶವೋ!" ಅಂದಳು. ಅವರು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು.

ಎರಡು ನಿಮಿಷದಲ್ಲಿ ತಿರುಗಿ ಬಂತು. ಜಪಾನಿನ ಮೋಟರು ಇರಲಿಲ್ಲ, ಸ್ಪಿರಿಟು ಇರಲಿಲ್ಲ. ನೀರಿನಡಿಯಿಂದ ಬಂದಂತೆ, ಆದರೆ ಅಕ್ಷರ ಅಕ್ಷರ ತಿಳಿಯುವಂತೆ ಒಬ್ಬ ಹೇಳಿದ: "ಪ್ರಭೂ, ನಾನು ಬರೇ ಓಲೆ ಹೊತ್ತವನು. ದಾರಿಯಲ್ಲಿ ಮಳೆ ಬಂತು. ಓಲೆಯನ್ನು ಎದೆಗೆ ಒತ್ತಿ ಹಿಡಿದೆ. ನಾನು ಒದ್ದೆಯಾದೆ, ಅದು ಒದ್ದೆಯಾಗಲಿಲ್ಲ. ಒಳಗಿರುವ ಮಾತು ಮಾತ್ರ..."

ಅಷ್ಟೇ. ರಾಜನ ಎಷ್ಟೋ ಗಂಟೆಗಳ ಮಾತು ಬಾಯಿಪಾಠವಿದ್ದ ಮಾಷ್ಟ್ರು ಈ ಮಾತನ್ನು ಮೊದಲ ಸಲ ಕೇಳುತ್ತಿದ್ದರು.

ಪೂಜಾಶ್ರೀಗೆ ಆ ಸ್ವರ ಅಪ್ಪನದ್ದೇ ಎಂದು ಹೇಳಲು ಬರುವಂತಿರಲಿಲ್ಲ. ಅಮ್ಮ ರಾಜೀವಿಗೆ ಫೋನು ಮಾಡಿ, ಕೇಳಿಸಿ, ಕಾದಳು.

"ಅವರದ್ದೇ," ರಾಜೀವಿ ಹೇಳಿದರು. "ಆ ದಿನ ಶೀತ ಆಗಿತ್ತು ಅವರಿಗೆ. ಮೂಗು ಕಟ್ಟಿದೆ ನೋಡು." ಆಮೇಲೆ ಕೇಳಿದರು, "ಮತ್ತೆ ಎಂತ ಹೇಳಿದ್ರು?"

"ಮತ್ತೆ ಇಲ್ಲಮ್ಮ. ಅಷ್ಟೇ ಇರುವುದು."

"ಮಾಷ್ಟ್ರು ಅಲ್ಲೇ ಇದ್ದರಲ್ಲ, ಅವರ ಹತ್ತಿರ ಕೇಳು. ಅವರಿಗೆ ಎಲ್ಲ ನೆನಪುಂಟಂತೆ."

ಪೂಜಾಶ್ರೀ ಮೊಬೈಲನ್ನು ಮಾಷ್ಟ್ರ ಕಡೆಗೆ ಚಾಚಿದಳು. ಅವರು ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡರು.

"ರಾಜೀವಿಯಕ್ಕಾ," ಎಂದರು. "ನಾನು ಅಲ್ಲೇ ಇದ್ದೆ. ಕೇಳಲಿಲ್ಲ."